ಇನ್ನೂರು ಪೇಪರ್ ಬರೆದ ಡಾಕ್ಟರು: ಪಟ್ಟಿ ನೋಡಿ ಆಪರೇಷನ್‌ಗೆ ಒಪ್ಪಬಹುದಾ?

ಪೆರ್ಲದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ತಾಳ್ಮೆ ಇರಲಿ.

ನಮ್ಮ ಅಪ್ಪಚ್ಚಿಗೆ, ಅಂದ್ರೆ ಅಪ್ಪನ ತಮ್ಮನಿಗೆ, 62 ವರ್ಷ. ಸಣ್ಣಂದಿನಿಂದ ಹೊಟ್ಟೆನೋವು. ಮೂವತ್ತು ತುಂಬುವ ಮೊದಲೇ ಶುಗರ್ ಬಂತು. ಪ್ಯಾಂಕ್ರಿಯಾಸ್‌ನಲ್ಲಿ (ಮೇದೋಜೀರಕ ಗ್ರಂಥಿಯಲ್ಲಿ) ಕಲ್ಲು ಅಂತ ಯಾವ ಕಾಲದಲ್ಲೋ ಹೇಳಿದ್ದರಂತೆ. ಮಾತ್ರೆ ನುಂಗಿಕೊಂಡು ತೋಟದ ಕೆಲಸ ಮಾಡಿಕೊಂಡೇ ಇದ್ದರು. ಎರಡು ತಿಂಗಳ ಹಿಂದೆ ಕಣ್ಣು ಹಳದಿಯಾಯಿತು. ಕಾಮಾಲೆ ಅಂತ ಮನೆಯವರು ಮೊದಲು ಹಳ್ಳಿಮದ್ದು ಮಾಡಿಸಿದರು. ಅಲ್ಲಿ ಎರಡು ವಾರ ಹೋಯಿತು. ಕೊನೆಗೆ ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿದರೆ ಪ್ಯಾಂಕ್ರಿಯಾಸ್‌ನ ತಲೆಭಾಗದಲ್ಲಿ ಗಡ್ಡೆ. ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಆ ತಲೆಭಾಗ ತೆಗೆದು ಉಳಿದದ್ದನ್ನು ಕರುಳಿಗೆ ಜೋಡಿಸುವ ವಿಪಲ್ ಅಂತ ದೊಡ್ಡ ಆಪರೇಷನ್ ಬೇಕಾಗಬಹುದು ಅಂದಿದ್ದಾರೆ.

ಈಗ ಮಾವ ಬೆಂಗಳೂರಿನ ಒಬ್ಬ ಡಾಕ್ಟರ ಹೆಸರು ಹಿಡಿದುಕೊಂಡು ಕೂತಿದ್ದಾರೆ. ಹೊಟ್ಟೆ ಮತ್ತು ಕರುಳಿನ ಕ್ಯಾನ್ಸರ್ ಬಗ್ಗೆ ಇನ್ನೂರು ಚಿಲ್ಲರೆ ಸಂಶೋಧನಾ ಪೇಪರ್ ಬರೆದಿದ್ದಾರಂತೆ. "ಇಷ್ಟು ಬರೆದವರ ಕೈಯಲ್ಲಿ ಆಪರೇಷನ್ ಆದ್ರೆ ಹೆದರಿಕೆ ಎಂತದು" ಅಂತ ಮಾವನ ವಾದ. ಅಪ್ಪನಿಗೆ ಮಂಗಳೂರೇ ಸಾಕು ಅಂತ. ನಾನು ಎಂಕಾಂ ಓದಿದವಳು. ಆ ಪೇಪರ್‌ಗಳ ಪಟ್ಟಿ ತೆರೆದು ನೋಡಿದೆ, ತಲೆಬುಡ ಅರ್ಥ ಆಗಲಿಲ್ಲ. ಇದನ್ನು ಓದುವುದು ಹೇಗೆ?

ಡಾಕ್ಟರ ಹೆಸರು ಇಲ್ಲಿ ಹಾಕುವುದಿಲ್ಲ, ಕೇಳಬೇಡಿ.

ನೀರ್ಚಾಲಿನ ಮಾಸ್ಟ್ರು

ಇನ್ನೂರು ಪೇಪರ್ ಅಂದ್ರೆ ಸುಮ್ನೆ ಅಲ್ಲ ಮಗಾ. ನಾನು ನಿವೃತ್ತಿ ಆಗುವಷ್ಟರಲ್ಲಿ ಬರೆದದ್ದು ಎರಡು ಲೇಖನ, ಎರಡೂ ಶಾಲೆಯ ಸ್ಮರಣ ಸಂಚಿಕೆಗೆ. ಬೆಂಗಳೂರಿಗೆ ಹೋಗಿ.

ಪುಸ್ತಕದ ಕಪಾಟು

ಮಾಸ್ಟ್ರೇ, ಅವಸರ ಬೇಡ.

ನಾನು ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ 22 ವರ್ಷ ಇದ್ದವಳು. ಡಾಕ್ಟರುಗಳ ಪಟ್ಟಿ ತಯಾರು ಮಾಡಿಕೊಡುವುದೇ ನನ್ನ ಕೆಲಸವಾಗಿತ್ತು. ಪಟ್ಟಿಗೆ ನೀರು ಸೇರಿಸುವುದು ಹೇಗೆ ಅಂತಲೂ ಗೊತ್ತು!

ತಂಗಿ, ಮೊದಲು ಉದ್ದ ನೋಡಬೇಡ. ಹೆಸರು ಎಲ್ಲಿ ಕೂತಿದೆ ನೋಡು. ವೈದ್ಯಕೀಯ ಪ್ರಬಂಧದಲ್ಲಿ ಮೊದಲ ಹೆಸರಿನವರು ಸಾಮಾನ್ಯವಾಗಿ ದುಡಿದವರು, ಬರೆದವರು. ಕೊನೆಯ ಹೆಸರು ಹೆಚ್ಚಾಗಿ ಹಿರಿಯರದ್ದು, ಕೆಲಸ ಶುರು ಮಾಡಿಸಿ ನಡೆಸಿದವರದ್ದು. ನಡುವಿನ ಹೆಸರುಗಳು ಅಂದ್ರೆ ಮದುವೆ ಕಾಗದದ ಕೆಳಗೆ ಬಂಧುಮಿತ್ರರ ಸಾಲು ಇರುತ್ತದಲ್ಲ, ಹಾಗೆ. ಕೆಲವರು ನಿಜವಾಗಿ ಬಂದು ಬಡಿಸಿದವರು. ಕೆಲವರ ಹೆಸರು ಹಾಕದಿದ್ರೆ ಬೇಜಾರಾಗ್ತದೆ ಅಂತ ಹಾಕಿದ್ದು.

ಆಮೇಲೆ ಯಾವ ಜಾತಿಯ ಪ್ರಬಂಧ ಅಂತ ನೋಡು. ಒಬ್ಬ ರೋಗಿಯ ಕಥೆ ಹೇಳುವುದು ಕೇಸ್ ರಿಪೋರ್ಟ್. ಬೇರೆಯವರ ಕೆಲಸ ಓದಿ ಒಟ್ಟು ಮಾಡಿದ್ದು ರಿವ್ಯೂ. ಸಂಪಾದಕರಿಗೆ ಬರೆದ ಪತ್ರಗಳೂ ಪಟ್ಟಿಯಲ್ಲಿ ಸೇರುತ್ತವೆ. ರೋಗಿಗಳನ್ನು ಎರಡು ಗುಂಪು ಮಾಡಿ, ಚೀಟಿ ಎತ್ತಿದ ಹಾಗೆ ಹಂಚಿ, ಚಿಕಿತ್ಸೆ ಹೋಲಿಸಿದ್ದು ರ‍್ಯಾಂಡಮೈಸ್ಡ್ ಟ್ರಯಲ್. ಅದಕ್ಕೆ ವರ್ಷಗಟ್ಟಲೆ ಬೇಕು. ಪಟ್ಟಿಯ ಲೆಕ್ಕದಲ್ಲಿ ಇವೆಲ್ಲವೂ ಒಂದೊಂದೇ.

ಮತ್ತೊಂದು ವಿಷಯ. ಅದು ನಿಜವಾಗಿ ಒಬ್ಬರದ್ದೇ ಪಟ್ಟಿಯಾ? ನಮ್ಮ ಕಡೆ ಭಟ್, ಶೆಟ್ಟಿ, ರೈ, ರಾವ್ ಎಷ್ಟು ಮಂದಿ! ಹೆಸರಿನ ಮೊದಲಕ್ಷರವೂ ಸೇಮ್ ಇದ್ರೆ, ಪ್ರಬಂಧ ಹುಡುಕಿಕೊಡುವ ಗೂಗಲ್ ಸ್ಕಾಲರ್ ಎಲ್ಲರನ್ನೂ ಒಂದೇ ಗೋಣಿಗೆ ತುಂಬುವುದುಂಟು. ಈ ತಾಪತ್ರಯಕ್ಕೇ 2012ರಲ್ಲಿ ಆರ್ಕಿಡ್ ಅಂತ 16 ಅಂಕಿಯ ಗುರುತು ಸಂಖ್ಯೆ ಶುರುವಾಯಿತು. ಅವರ ಹೆಸರಿನ ಹತ್ತಿರ ಅದು ಉಂಟಾ ನೋಡು. ಪಬ್‌ಮೆಡ್ ಅಂತ ವೈದ್ಯಕೀಯ ಪ್ರಬಂಧಗಳ ಜಾಲತಾಣದಲ್ಲಿ ಬಿಟ್ಟಿ ಹುಡುಕಬಹುದು, ದುಡ್ಡು ಕೊಡಬೇಕಾಗಿಲ್ಲ.

ಕುಂಬಳೆಯಿಂದ

ಇಷ್ಟೆಲ್ಲ ಯಾಕೆ? ಪೇಪರ್ ಬರೆಯುವ ಡಾಕ್ಟರಿಗೆ ರೋಗಿ ಅಂದ್ರೆ ಒಂದು ನಂಬರ್. ನಮ್ಮ ಊರಿನ ಡಾಕ್ಟರು ಒಂದು ಸಾಲೂ ಬರೆದವರಲ್ಲ. ಹೊಟ್ಟೆ ಮುಟ್ಟಿ ರೋಗ ಹೇಳುತ್ತಿದ್ದರು.

ನೈಟ್ ಡ್ಯೂಟಿ

ಹೊಟ್ಟೆ ಮುಟ್ಟಿ ಪ್ಯಾಂಕ್ರಿಯಾಸ್ ಗಡ್ಡೆ ಹೇಳಲಿಕ್ಕೆ ಆಗುವುದಿಲ್ಲ ಅಣ್ಣಾ. ಅದು ಜಠರದ ಹಿಂದೆ, ಬೆನ್ನಿಗೆ ಅಂಟಿಕೊಂಡು ಇರುತ್ತದೆ. ಕೈಗೆ ಸಿಗುವಷ್ಟು ದೊಡ್ಡದಾದ್ರೆ ಸಾಮಾನ್ಯವಾಗಿ ತಡವಾಯಿತು ಅಂತಲೇ ಅರ್ಥ.

ನಾನು ಸರ್ಜರಿಯಲ್ಲಿ ಪಿಜಿ ಓದುತ್ತಿರುವ ಡಾಕ್ಟರ್, ಮುಳ್ಳೇರಿಯದವ. ಹೆಸರು ಹೇಳಿದ್ರೆ ನಮ್ಮ ವಿಭಾಗದ ಮುಖ್ಯಸ್ಥರ ಕೈಯಲ್ಲಿ ಉಗಿಸಿಕೊಳ್ಳಬೇಕು. ಡಾಕ್ಟರುಗಳು ಯಾಕೆ ಬರೆಯುತ್ತಾರೆ ಅಂತ ಹೇಳ್ತೇನೆ. ಮೆಡಿಕಲ್ ಕಾಲೇಜಿನಲ್ಲಿ ಪ್ರಮೋಷನ್ ಬೇಕಾದರೆ ಪ್ರಕಟಣೆ ತೋರಿಸಬೇಕು. ಹಾಗಾಗಿ ಬರೆಯುವವರಲ್ಲಿ ಎಲ್ಲರಿಗೂ ಹೇಳಲಿಕ್ಕೆ ಏನೋ ಉಂಟು ಅಂತ ಅಲ್ಲ. ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳೂ ಉಂಟು, ನನಗೇ ವಾರಕ್ಕೆ ಎರಡು ಮೇಲ್ ಬರುತ್ತದೆ. "ಡಿಯರ್ ಎಮಿನೆಂಟ್ ಪ್ರೊಫೆಸರ್" ಅಂತ ಶುರು. ನನ್ನಂಥವನಿಗೆ!

ಉದ್ದದ ಪಟ್ಟಿಗೆ ಮರುಳಾಗುವವರಿಗೆ ಒಂದು ಹೆಸರು: ಜಪಾನಿನ ಯೊಶಿತಾಕ ಫುಜಿ. ಅನಸ್ತೀಸಿಯಾ ಡಾಕ್ಟರ್. ಆಪರೇಷನ್ ಆದ ಮೇಲೆ ಬರುವ ವಾಂತಿಗೆ ಮದ್ದು ಅಂತ ಟ್ರಯಲ್ ಮೇಲೆ ಟ್ರಯಲ್ ಬರೆದ. 2012ರಲ್ಲಿ ಅಲ್ಲಿನ ಅನಸ್ತೀಸಿಯಾ ವೈದ್ಯರ ಸಂಘ ಅವನ 212 ಪ್ರಬಂಧ ತನಿಖೆ ಮಾಡಿತು. 172ರಲ್ಲಿ ಅಂಕಿ ಅಂಶ ಕಟ್ಟುಕಥೆ.

ಆದ್ರೆ ಬರೆಯುವವರೆಲ್ಲ ಹಾಗೆ ಅಂತ ಹೇಳಿದ್ರೆ ನಾನು ಒಪ್ಪುವುದಿಲ್ಲ. ಪೆರ್ಲದ ಅಕ್ಕ ಹೇಳಿದ ಅಪ್ಪಚ್ಚಿಯ ಕಥೆ ನೋಡಿ. ಸಣ್ಣಂದಿನಲ್ಲಿ ಹೊಟ್ಟೆನೋವು, ಪ್ರಾಯದಲ್ಲಿ ಶುಗರ್, ಪ್ಯಾಂಕ್ರಿಯಾಸ್‌ನಲ್ಲಿ ಕಲ್ಲು. ಕುಡಿತವೂ ಇರಲಿಕ್ಕಿಲ್ಲ, ಅಲ್ವಾ? ಈ ರೋಗವನ್ನು ಇಂಡೋನೇಷ್ಯಾದಲ್ಲಿ ಜುಯ್ಡೆಮಾ ಅನ್ನುವವರು 1959ರಲ್ಲಿ ಬರೆದರು. ಅದಾದ ಮೇಲೆ ನಮ್ಮ ಕೇರಳದಲ್ಲೇ ಡಾ. ಗೀವರ್ಗೀಸ್ ರಾಶಿ ರಾಶಿ ರೋಗಿಗಳನ್ನು ನೋಡಿ ಬರೆದರು. ಬಾಲ್ಯದಲ್ಲಿ ನೋವು, ಹರೆಯದಲ್ಲಿ ಮಧುಮೇಹ, ಬದುಕಿ ಬಾಳುವ ಹೊತ್ತಿನಲ್ಲಿ ಸಾವು ಅಂತ ಅವರು ವಿವರಿಸಿದ್ದು ಇವತ್ತಿಗೂ ಪಾಠದಲ್ಲಿ ಬರುತ್ತದೆ. ಟ್ರಾಪಿಕಲ್ ಪ್ಯಾಂಕ್ರಿಯಾಟೈಟಿಸ್ ಅಂತ ಹೆಸರು, ಅಂದ್ರೆ ಉಷ್ಣವಲಯದಲ್ಲಿ ಕಾಣುವ ಪ್ಯಾಂಕ್ರಿಯಾಸ್ ಊತ. ಮರಗೆಣಸು ತಿಂದು ಬರುತ್ತದೆ ಅಂತ ಒಂದು ಕಾಲದಲ್ಲಿ ಹೇಳಿದರು. ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಸ್ಪಿಂಕ್-1 ಅನ್ನುವ ಜೀನ್‌ನಲ್ಲಿ ದೋಷ ಇರುವವರಲ್ಲಿ ಇದು ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಈ ರೋಗ ಇದ್ದವರಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಸಾಧ್ಯತೆ ಹೆಚ್ಚು ಅನ್ನುವುದನ್ನೂ ನಮ್ಮ ದಕ್ಷಿಣದವರೇ ಬರೆದು ತೋರಿಸಿದ್ದು.

ಅಮೆರಿಕದವರು ಇದನ್ನು ಯಾಕೆ ಬರೆಯುತ್ತಾರೆ, ಅವರಲ್ಲಿ ಈ ರೋಗಿಗಳು ತೀರಾ ಕಡಿಮೆ. ಈ ರೋಗ ಇರುವ ಕಡೆಯ ಡಾಕ್ಟರುಗಳು ಬರೆಯದಿದ್ರೆ ಅಪ್ಪಚ್ಚಿಯ ಕಾಯಿಲೆಗೆ ಹೆಸರೇ ಇರುತ್ತಿರಲಿಲ್ಲ.

ಕುಂಬಳೆಯಿಂದ

ಸರಿ ಡಾಕ್ಟ್ರೇ, ಹೊಟ್ಟೆ ಮುಟ್ಟುವ ಮಾತು ವಾಪಸ್ ತೆಗೊಂಡೆ. ನಂಬರ್ ಅಂದ ಮಾತು ತೆಗೊಳ್ಳುವುದಿಲ್ಲ.

ಪೆರ್ಲದವಳು

ಲೈಬ್ರರಿಯ ಅಕ್ಕ ಹೇಳಿದ ಹಾಗೆ ನಿನ್ನೆ ರಾತ್ರಿ ಕೂತು ಎಲ್ಲ ತೆರೆದು ನೋಡಿದೆ. ಎರಡು ಗಂಟೆ ಹಿಡಿಯಿತು.

ಮೊದಲನೆಯದು, ನಗು ಬರುವಂಥದ್ದು. ಪಟ್ಟಿಯಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಮೂರು ಪ್ರಬಂಧ ಉಂಟು! ಅದೇ ಹೆಸರಿನ ಯಾರೋ ಕೃಷಿ ವಿಜ್ಞಾನಿ. ಅಂಥವನ್ನೆಲ್ಲ ತೆಗೆದರೆ ನೂರೈವತ್ತರ ಆಸುಪಾಸು ಉಳಿಯಿತು. ಅರ್ಧಕ್ಕಿಂತ ಜಾಸ್ತಿಯಲ್ಲಿ ಹೆಸರು ನಡುವೆ. ಪತ್ರಗಳು ಮತ್ತು ಕೇಸ್ ರಿಪೋರ್ಟ್ ತುಂಬ ಉಂಟು. ಪತ್ರಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಕೊನೆಯ ಹೆಸರಾಗಿ ಇರುವುದು ಮೂವತ್ತರಷ್ಟು. ಅದರಲ್ಲಿ ಹೆಚ್ಚಿನದು ಒಂದೇ ವಿಷಯ. ಹಳೆ ಪ್ಯಾಂಕ್ರಿಯಾಟೈಟಿಸ್ ಇರುವವರಲ್ಲಿ ಗಡ್ಡೆ ಕಂಡರೆ ಅದು ಕ್ಯಾನ್ಸರಾ, ಬರೀ ಊತವಾ ಅಂತ ಎಂಡೋಸ್ಕೋಪಿ ಅಲ್ಟ್ರಾಸೌಂಡ್‌ನಲ್ಲಿ ಹೇಗೆ ಹೇಳುವುದು ಅಂತ. ಅಷ್ಟು ಅರ್ಥ ಆಯಿತು.

ಕೊಳೆರೋಗ ಸಂತ್ರಸ್ತ

ಆ ಮೂರು ಕೊಳೆರೋಗದ್ದು ಇಲ್ಲಿ ಹಾಕಿ ತಂಗೀ. ಈ ವರ್ಷ ತೋಟಕ್ಕೆ ಮೂರು ಸಲ ಮದ್ದು ಬಿಟ್ಟರೂ ಕಾಯಿ ಉದುರುವುದು ನಿಂತಿಲ್ಲ.

ಅಂದ ಹಾಗೆ "ಕೊಳೆರೋಗ" ನಮ್ಮ ಕನ್ನಡ ಶಬ್ದ. ಮೈಸೂರು ಸರಕಾರದಲ್ಲಿ ಇದ್ದ ಕೋಲ್ಮನ್ ಅನ್ನುವ ವಿಜ್ಞಾನಿ 1910ರಲ್ಲಿ ಇಂಗ್ಲಿಷಿನಲ್ಲಿ ಬರೆಯುವಾಗ ಅದೇ ಶಬ್ದ ಇಟ್ಟರು. ಇವತ್ತಿಗೂ ಹೊರದೇಶದವರು ಕೊಳೆರೋಗ ಅಂತಲೇ ಬರೆಯುತ್ತಾರೆ.

ಮತ್ತೆ ಈ ಕ್ಯಾನ್ಸರ್ ಸಂಶೋಧಕರ ಮೇಲೆ ನನಗೆ ಸಿಟ್ಟು ಉಂಟು. ಅಡಿಕೆ ತಿಂದ್ರೆ ಕ್ಯಾನ್ಸರ್ ಅಂತ ಬರೆದು ಬರೆದು ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಾರೆ. ನಮ್ಮ ಅಜ್ಜ ತೊಂಬತ್ತರವರೆಗೆ ಎಲೆಯಡಿಕೆ ತಿಂದವರು.

ನೈಟ್ ಡ್ಯೂಟಿ

ಅಣ್ಣಾ, ನಮ್ಮ ಮನೆಯದ್ದೂ ಅಡಿಕೆ ತೋಟವೇ. ನನ್ನ ಫೀಸು ಅದರಿಂದಲೇ ಬಂದದ್ದು. ಆದ್ರೆ ಅಜ್ಜನ ಲೆಕ್ಕ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯನ್ನೂ ಮೊದಲ ಗುಂಪಿಗೆ, ಅಂದ್ರೆ ಕ್ಯಾನ್ಸರ್ ತರುವುದು ಖಾತ್ರಿಯಾದವುಗಳ ಗುಂಪಿಗೆ ಸೇರಿಸಿತು. ಅದು ಮುಖ್ಯವಾಗಿ ಬಾಯಿಯ ಕ್ಯಾನ್ಸರ್ ಮಾತು, ಆಮೇಲೆ ಅನ್ನನಾಳವೂ ಸೇರಿತು. ಪ್ಯಾಂಕ್ರಿಯಾಸ್‌ಗೆ ಬಂದ್ರೆ ಹೊಗೆಸೊಪ್ಪಿನ ಮೇಲೆಯೇ ದೂರು ಉಂಟು. ಸೇದುವುದು, ಜಗಿಯುವುದು ಎರಡೂ.

ಮಂಗಳೂರಿನಲ್ಲಿ ಬಾಯಿ ತೆರೆಯಲಿಕ್ಕೆ ಆಗದೆ ಬರುವವರನ್ನು ನಾನು ದಿನಾ ನೋಡ್ತೇನೆ. ಸಿಟ್ಟು ಮಾಡಬೇಡಿ.

ಕೊಳೆರೋಗ ಸಂತ್ರಸ್ತ

ಸಿಟ್ಟಿಲ್ಲ. ಹೊಗೆಸೊಪ್ಪು ನಾನು ಹಾಕುವುದಿಲ್ಲ. ರೇಟು ಇಳಿದಾಗ ಮಾತ್ರ ಸಿಟ್ಟು ಬರುವುದು.

ಪುಸ್ತಕದ ಕಪಾಟು

ತಂಗಿ, ಚೆನ್ನಾಗಿ ನೋಡಿದ್ದೀ. ಒಂದು ಮಾತ್ರ ತಿದ್ದುತ್ತೇನೆ. ಪತ್ರ ಅಂತ ಪೂರ್ತಿ ತಳ್ಳಿಬಿಡಬೇಡ.

ಜಠರದ ಊತದಲ್ಲಿ ಒಂದು ಬ್ಯಾಕ್ಟೀರಿಯಾ ಕಾಣುತ್ತದೆ, ಹೊಟ್ಟೆಹುಣ್ಣಿಗೂ ಅದೇ ಕಾರಣ ಇರಬಹುದು ಅಂತ ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ಮೊದಲು ಲೋಕಕ್ಕೆ ಹೇಳಿದ್ದು ಹೇಗೆ ಗೊತ್ತಾ? 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಎರಡು ಪತ್ರಗಳಲ್ಲಿ. ಒಬ್ಬೊಬ್ಬರದ್ದು ಒಂದೊಂದು. ಅದೇ ವರ್ಷ ಮಾರ್ಷಲ್ ತಮ್ಮ ದೇಶದ ಗ್ಯಾಸ್ಟ್ರೋ ಸಮ್ಮೇಳನಕ್ಕೆ ಕಳಿಸಿದ ಸಾರಾಂಶವನ್ನು ಬೇಡ ಅಂದಿದ್ದರು. ಮರುವರ್ಷ ಆ ಮನುಷ್ಯ ಬ್ಯಾಕ್ಟೀರಿಯಾವನ್ನು ತಾನೇ ಕುಡಿದ. ಕೆಲವು ದಿನಕ್ಕೆ ವಾಂತಿ, ಜಠರದಲ್ಲಿ ಊತ. 1994ರಲ್ಲಿ ಅದೇ ಬ್ಯಾಕ್ಟೀರಿಯಾ ಜಠರದ ಕ್ಯಾನ್ಸರಿಗೂ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಆ ಕ್ಯಾನ್ಸರ್ ಪಟ್ಟಿಗೆ ಸೇರಿತು. 2005ರಲ್ಲಿ ಇಬ್ಬರಿಗೂ ನೊಬೆಲ್.

ಆ ಎರಡು ಪತ್ರ ಬಂದ ವರ್ಷ ನಿಮ್ಮ ಮಾವ ಅವರ ಪಟ್ಟಿ ನೋಡಿದ್ದರೆ "ಇವರ ಹತ್ತಿರ ಎಂತ ಉಂಟು" ಅನ್ನುತ್ತಿದ್ದರು!

ಇನ್ನು ಎಚ್-ಇಂಡೆಕ್ಸ್ ಅಂತ ಒಂದು ಅಂಕಿ ಕಾಣುತ್ತದೆ. ಹಿರ್ಶ್ ಅನ್ನುವ ಭೌತವಿಜ್ಞಾನಿ 2005ರಲ್ಲಿ ಮಾಡಿದ್ದು. 20 ಅಂತ ಇದ್ದರೆ, ಕಡಿಮೆಯೆಂದರೂ ಇಪ್ಪತ್ತು ಪ್ರಬಂಧಗಳನ್ನು ಬೇರೆಬೇರೆ ಪ್ರಬಂಧಗಳು ಇಪ್ಪತ್ತಿಪ್ಪತ್ತು ಸಲವಾದ್ರೂ ಉಲ್ಲೇಖಿಸಿವೆ ಅಂತ. ವಯಸ್ಸಾದ ಹಾಗೆ ಏರುತ್ತದೆ, ಇಳಿಯುವುದೇ ಇಲ್ಲ. ನೂರು ಜನ ಸೇರಿ ಬರೆದ ಮಾರ್ಗಸೂಚಿಯಲ್ಲಿ ಹೆಸರು ಇದ್ರೂ ಏರುತ್ತದೆ. ಅದರ ಹಿಂದೆ ಹೋಗಬೇಡ. ಒಂದೇ ಪ್ರಶ್ನೆಯನ್ನು ವರ್ಷಗಟ್ಟಲೆ ಬಿಡದೆ ಹಿಡಿದ ಡಾಕ್ಟರು ಅಂತ ನೀನೇ ಕಂಡುಕೊಂಡಿದ್ದೀಯಲ್ಲ, ನನ್ನ ಅನುಭವದಲ್ಲಿ ಪಟ್ಟಿಯಿಂದ ತಿಳಿಯಬೇಕಾದ್ದು ಅದು.

ಉಪ್ಪಳ ಸಿಸ್ಟರ್

ಎಲ್ಲರೂ ಚಂದ ಮಾತಾಡುತ್ತಿದ್ದೀರಿ, ಆದ್ರೆ ಒಬ್ಬರಾದ್ರೂ ಒಂದು ಕೇಳಿದ್ರಾ? ಆ ಡಾಕ್ಟರು ಸರ್ಜನ್ನಾ?

ಎಂಡೋಸ್ಕೋಪಿ ಅಲ್ಟ್ರಾಸೌಂಡ್ ಅಂತ ಬರೆಯುವವರು ಹೆಚ್ಚಾಗಿ ಮೆಡಿಕಲ್ ಗ್ಯಾಸ್ಟ್ರೋಎಂಟರಾಲಜಿಯವರು. ಅವರು ಕೊಳವೆ ಹಾಕಿ ನೋಡುತ್ತಾರೆ, ಸೂಜಿಯಲ್ಲಿ ಬಯಾಪ್ಸಿ ತೆಗೆಯುತ್ತಾರೆ, ಸ್ಟೆಂಟ್ ಹಾಕುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ವಿಪಲ್ ಮಾಡುವವರು ಸರ್ಜಿಕಲ್ ಗ್ಯಾಸ್ಟ್ರೋ. ಬೋರ್ಡಿನಲ್ಲಿ ಎರಡೂ ಗ್ಯಾಸ್ಟ್ರೋ ಅಂತಲೇ ಇರುತ್ತದೆ, ಜನರಿಗೆ ಗೊತ್ತಾಗುವುದಿಲ್ಲ. ನಾನು ಸರ್ಜರಿ ಐಸಿಯುವಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವಳು.

ಮತ್ತೆ ದೊಡ್ಡ ಹೆಸರು ನೋಡಿ ಹೋದ್ರೂ, ಕೈ ಹಾಕುವವರು ಯಾರು ಅಂತ ಕೇಳಬೇಕು. ಯಕ್ಷಗಾನ ಆಟದ ಹ್ಯಾಂಡ್‌ಬಿಲ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದವರು ರಾತ್ರಿ ಬಣ್ಣ ಹಚ್ಚುವ ಚೌಕಿಗೇ ಬಾರದೆ ಇದ್ದದ್ದು ನಾವೆಲ್ಲ ನೋಡಿಲ್ವಾ?

ನಾಚಿಕೆ ಮಾಡದೆ ಕೇಳಿ: ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ? ಜೋಡಿಸಿದ ಜಾಗ ಸೋರಿದ್ರೆ ಏನು ಮಾಡ್ತೀರಿ? ನಡುರಾತ್ರಿ ಒಳಗೆ ರಕ್ತ ಸೋರಿದ್ರೆ ರಕ್ತನಾಳದ ಒಳಗಿಂದ ಮುಚ್ಚುವ ರೇಡಿಯಾಲಜಿಯವರು ಬರುತ್ತಾರಾ? ವಿಪಲ್ ಆದವರು ಟೇಬಲ್ ಮೇಲೆ ಹೋಗುವುದು ಕಡಿಮೆ. ಕಷ್ಟ ಬರುವುದು ಆಮೇಲಿನ ದಿನಗಳಲ್ಲಿ. ಆಗ ವಾರ್ಡಿನಲ್ಲಿ ಯಾರಿದ್ದಾರೆ ಅನ್ನುವುದು ಮುಖ್ಯ.

ನೈಟ್ ಡ್ಯೂಟಿ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು. ನನಗೇ ಹೊಳೆಯಲಿಲ್ಲ, ನಾಚಿಕೆ ಆಯಿತು.

ತಮಾಷೆ ಏನು ಗೊತ್ತಾ, ಸಿಸ್ಟರ್ ಅನುಭವದ ಮಾತಿಗೂ ಒಂದು ಪೇಪರ್ ಉಂಟು. 2002ರಲ್ಲಿ ಅಮೆರಿಕದಲ್ಲಿ ಬರ್ಕ್‌ಮೇಯರ್ ಮತ್ತು ಜೊತೆಯವರು ಮೆಡಿಕೇರ್ (ಅಲ್ಲಿ ಮುಖ್ಯವಾಗಿ ವಯಸ್ಸಾದವರಿಗೆ ಇರುವ ಸರಕಾರಿ ಆರೋಗ್ಯ ವಿಮೆ) ದಾಖಲೆ ತೆಗೆದು ಲೆಕ್ಕ ಮಾಡಿದರು. ಪ್ಯಾಂಕ್ರಿಯಾಸ್ ಆಪರೇಷನ್ ವರ್ಷಕ್ಕೆ ಒಂದೂ ಸರಿಯಾಗಿ ಆಗದ ಆಸ್ಪತ್ರೆಗಳಲ್ಲಿ ನೂರಕ್ಕೆ 16.3 ಮಂದಿ ತೀರಿಕೊಂಡರು. ವರ್ಷಕ್ಕೆ 16ಕ್ಕಿಂತ ಜಾಸ್ತಿ ಆಗುವಲ್ಲಿ 3.8. ಅದೇ ಕುತ್ತಿಗೆಯ ರಕ್ತನಾಳದ ಆಪರೇಷನ್‌ನಲ್ಲಿ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಅಂದ್ರೆ ಎಲ್ಲ ಆಪರೇಷನ್‌ಗೂ ದೊಡ್ಡ ಆಸ್ಪತ್ರೆ ಬೇಕು ಅಂತ ಅಲ್ಲ. ಪ್ಯಾಂಕ್ರಿಯಾಸ್‌ನಂಥದ್ದಕ್ಕೆ ಕೈ ಪಳಗಿದಲ್ಲಿಗೇ ಹೋಗಬೇಕು.

ಹಳೆಯ ಅಂಕಿ, ಬೇರೆ ದೇಶದ್ದು. ಈಗ ಎಲ್ಲ ಕಡೆ ಸುಧಾರಿಸಿದೆ. ಆದ್ರೆ ದಿಕ್ಕು ಅದೇ.

ಒಂದು ಸಮಾಧಾನದ ಮಾತು. ಕಲ್ಲು ಇರುವ ಹಳೆ ಪ್ಯಾಂಕ್ರಿಯಾಸ್ ಗಟ್ಟಿಯಾಗಿರುತ್ತದೆ, ಹೊಲಿಗೆ ಹಿಡಿಯುತ್ತದೆ. ಮೆತ್ತಗಿದ್ದರೇ ಸೋರುವುದು ಜಾಸ್ತಿ.

ಇನ್ನೊಂದು. ಹಾಗಂತ ಬೆಂಗಳೂರಿನವರನ್ನು ಬಿಟ್ಟುಬಿಡಬೇಡಿ ಅಕ್ಕ. ಅಪ್ಪಚ್ಚಿಯ ಗಡ್ಡೆ ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಬಂದಿದೆಯಾ? ನೀವು ಎಲ್ಲೂ ಹೇಳಲಿಲ್ಲ. ಹಳೆ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಗಡ್ಡೆ ಎಲ್ಲವೂ ಕ್ಯಾನ್ಸರ್ ಅಲ್ಲ. ಸ್ಕ್ಯಾನ್ ನೋಡಿ ಹೇಳುವುದೂ ಕಷ್ಟ. ಅವರು ವರ್ಷಗಟ್ಟಲೆ ಕೆದಕಿದ್ದು ಅದೇ ಪ್ರಶ್ನೆ.

ಪೆರ್ಲದವಳು

ಬಯಾಪ್ಸಿ ಆಗಲಿಲ್ಲ. ಮಾವನಿಗೆ ಈಗಷ್ಟೇ ಹೇಳಿದೆ, ಅವರು ಸರ್ಜನ್ ಅಲ್ಲ ಅಂತ. ಎರಡು ನಿಮಿಷ ಮಾತೇ ಇಲ್ಲ. ಆಮೇಲೆ "ನಾನು ಎಲ್ಲಿ ಸರ್ಜನ್ ಹೇಳಿದೆ?" ಅಂತ ಕೇಳಿದರು.

ನೀರ್ಚಾಲಿನ ಮಾಸ್ಟ್ರು

ಹಹ್ಹ. ನಾನೂ ನಿನ್ನ ಮಾವನ ಕ್ಲಾಸಿನವನೇ ಮಗಾ.

ಪೆರ್ಲದವಳು

ಮೂರು ವಾರ ಆಯಿತು, ಎಲ್ಲರಿಗೂ ಹೇಳಬೇಕು.

ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋದೆವು. ಸ್ಕ್ಯಾನ್ ಸಿಡಿ, ಹಳೆ ಚೀಟಿ ಎಲ್ಲ ತೆಗೊಂಡು. ಚೀಟಿಗಳಲ್ಲಿ ಕೆಲವು ಮಲಯಾಳದಲ್ಲಿ, ಕೆಲವು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇದ್ದದ್ದು ಹಳ್ಳಿಮದ್ದಿನವರ ಪಥ್ಯದ ಚೀಟಿ ಮಾತ್ರ! ಆ ಡಾಕ್ಟರು ಅಪ್ಪಚ್ಚಿಯ ಹತ್ತಿರ ಅರ್ಧ ಗಂಟೆ ಮಾತಾಡಿದರು. ಹೊಟ್ಟೆನೋವು ಎಷ್ಟನೇ ಕ್ಲಾಸಿನಲ್ಲಿ ಶುರುವಾಯಿತು ಅಂತ ಕೇಳಿದರು. ನಮ್ಮ ಮನೆಯಲ್ಲೇ ಯಾರೂ ಕೇಳಿರದ ಪ್ರಶ್ನೆ. ನಾಲ್ಕನೇ ಕ್ಲಾಸು ಅಂತ ಅಪ್ಪಚ್ಚಿ ತಡವರಿಸದೆ ಹೇಳಿದರು.

ಎಂಡೋಸ್ಕೋಪಿ ಅಲ್ಟ್ರಾಸೌಂಡ್ ಮಾಡಿ ಸೂಜಿಯಲ್ಲಿ ತೆಗೆದರು. ಕ್ಯಾನ್ಸರ್ ಅಂತಲೇ ಬಂತು. ಹರಡಿಲ್ಲ. ರಕ್ತನಾಳಕ್ಕೆ ಅಂಟಿಲ್ಲ, ಆಪರೇಷನ್ ಮಾಡಬಹುದು. "ಕೊಯ್ಯುವುದು ನನ್ನ ಕೆಲಸ ಅಲ್ಲ" ಅಂತ ಅವರೇ ನಕ್ಕರು. ಮಂಗಳೂರಿನ ಸರ್ಜನ್ ಹೆಸರು ಹೇಳಿದಾಗ "ಅಲ್ಲೇ ಮಾಡಿಸಿ, ಮನೆಗೂ ಹತ್ತಿರ" ಅಂದರು.

ಸಿಸ್ಟರ್ ಹೇಳಿದ ಪ್ರಶ್ನೆಗಳನ್ನು ಮಂಗಳೂರಿನಲ್ಲಿ ಕೇಳಿದೆ. ಕೈ ನಡುಗುತ್ತಿತ್ತು. ಸರ್ಜನ್ ಬೇಜಾರು ಮಾಡಲಿಲ್ಲ. ಕಳೆದ ವರ್ಷ ಎಷ್ಟು ಮಾಡಿದೆ, ಎಷ್ಟು ಮಂದಿ ಉಳಿಯಲಿಲ್ಲ, ಎರಡೂ ಹೇಳಿದರು. ಅವರ ಪೇಪರ್ ಪಟ್ಟಿ ಆಮೇಲೆ ನೋಡಿದೆ. ಹತ್ತೂ ಇಲ್ಲ. ಬರುವ ಬುಧವಾರ ಆಪರೇಷನ್.

ಉಪ್ಪಳ ಸಿಸ್ಟರ್

ಸತ್ತವರ ಲೆಕ್ಕ ಕೇಳದೆಯೇ ಹೇಳಿದ್ರಾ? ಹಾಗಾದ್ರೆ ಧೈರ್ಯದಿಂದ ಇರಿ. ರಕ್ತಕ್ಕೆ ಎರಡು ಮಂದಿ ಬೇಕಾಗಬಹುದು, ಈಗಲೇ ಹೇಳಿಡಿ. ಆಪರೇಷನ್ ಆಗುವವರೆಗೆ ಗಾಳಿ ಎಳೆದು ಬಾಲು ಮೇಲೇರಿಸುವ ಉಸಿರಿನ ವ್ಯಾಯಾಮ ಮಾಡಿಸಿ, ಬಿಡಬೇಡಿ.

ಕೊಳೆರೋಗ ಸಂತ್ರಸ್ತ

ನಾನು ಒ ಪಾಸಿಟಿವ್. ಬುಧವಾರ ಬೆಳಗ್ಗೆ ತಲಪಾಡಿ ಗಡಿ ದಾಟಿ ಬರ್ತೇನೆ. 2020ರಲ್ಲಿ ಕೊರೊನಾ ಅಂತ ಗಡಿ ರಸ್ತೆ ಮುಚ್ಚಿದ ಹಾಗೆ ಯಾರೂ ಮಣ್ಣು ಹಾಕದಿದ್ರೆ ಸಾಕು.

ಕುಂಬಳೆಯಿಂದ

ನಾನೂ ಬರ್ತೇನೆ. ನಂಬರ್ ಅಂದದ್ದನ್ನು ಆ ಬೆಂಗಳೂರಿನ ಡಾಕ್ಟರ ಮಟ್ಟಿಗೆ ವಾಪಸ್ ತೆಗೊಂಡಿದ್ದೇನೆ.

ಪೆರ್ಲದವಳು

ಎಲ್ಲರಿಗೂ ಎಷ್ಟು ಹೇಳಿದ್ರೂ ಸಾಲದು.

ಕುಂಬಳೆಯ ಅಣ್ಣನಿಗೆ ಒಂದು ಹೇಳಲಿಕ್ಕೆ ಉಂಟು. ಬೆಂಗಳೂರಿನಲ್ಲಿ ಅಪ್ಪಚ್ಚಿಯ ರಕ್ತ ಸ್ವಲ್ಪ ತೆಗೊಂಡರು, ಸ್ಪಿಂಕ್ ಜೀನ್ ನೋಡುವ ಅಧ್ಯಯನಕ್ಕೆ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು. ಅಪ್ಪಚ್ಚಿ ಕನ್ನಡಕ ಹಾಕಿ ಒಂದೊಂದು ಸಾಲೂ ಓದಿದರು. ಓದಿ ಮುಗಿಸಿ, "ಪೇಪರಿನಲ್ಲಿ ನನ್ನ ಹೆಸರು ಬರುವುದಿಲ್ವಾ?" ಅಂತ ಕೇಳಿದರು. ಇಲ್ಲ, ಹೆಸರು ಗುಟ್ಟಾಗಿ ಇಡಬೇಕು, 62 ವರ್ಷದ ಗಂಡಸು, ಕೃಷಿಕ ಅಂತ ಇರಬಹುದು ಅಂದೆ.

ಸ್ವಲ್ಪ ಹೊತ್ತು ಯೋಚನೆ ಮಾಡಿ ರುಜು ಹಾಕಿದರು. ಆಮೇಲೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಕಾಸರಗೋಡಿನವ ಅಂತಾದ್ರೂ ಹಾಕಲಿಕ್ಕೆ ಹೇಳು. ಕೇರಳದವ ಅಂತ ಬರೆದು ಮುಗಿಸಿಯಾರು."